ಆಟಿಸಂ ಇರುವವರಿಗೆ ಆನ್‌ಲೈನ್‌ನಲ್ಲಿ ತಮ್ಮದೇ ಜಾಗ ಬೇಕೇ?

ಹೊಂಗೆನೆರಳು (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಕೇಳುವ ಮೊದಲು ನನ್ನ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತೇನೆ, ವಯಸ್ಸು 36. ನನಗೆ ಆಟಿಸಂ, ಅಂದರೆ ಜನರೊಂದಿಗೆ ಬೆರೆಯುವ, ಲೋಕವನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿ, ಇದೆ ಎಂದು ವೈದ್ಯರು ಹೇಳಿದಾಗ 33 ತುಂಬಿತ್ತು. ಅಲ್ಲಿಯವರೆಗೆ ನಾನು ಮನೆಯವರ ಪಾಲಿಗೆ ಹಟಮಾರಿ, ನೆಂಟರ ಪಾಲಿಗೆ ಯಾರೊಂದಿಗೂ ಬೆರೆಯದ ಹುಡುಗಿ.

ಹೋದ ವರ್ಷ ಪರಿಚಿತರೊಬ್ಬರು ನನ್ನನ್ನು ಆಟಿಸಂ ಇರುವ ಮಕ್ಕಳ ತಂದೆ ತಾಯಂದಿರ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದರು. ಯಾವ ಥೆರಪಿಸ್ಟ್ ಒಳ್ಳೆಯವರು, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿಗೆ) ಯಾವ ಕಾಗದಪತ್ರ ಬೇಕು, ಯಾವ ಶಾಲೆಯಲ್ಲಿ ಸೀಟು ಕೊಡುತ್ತಾರೆ ಎಂಬ ಮಾತು ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತಿತ್ತು, ಅದರಿಂದ ಅನೇಕರಿಗೆ ನಿಜವಾಗಿ ಉಪಕಾರವಾಗುತ್ತಿತ್ತು. ಒಂದು ದಿನ ತಾಯಿಯೊಬ್ಬರು, ಮಗನ ಗಲ್ಲ ಹಿಡಿದು ಮುಖ ತಿರುಗಿಸಿ ‘ನನ್ನ ಕಣ್ಣು ನೋಡು’ ಎಂದು ದಿನಕ್ಕೆ ಹತ್ತು ಸಲ ಅಭ್ಯಾಸ ಮಾಡಿಸುತ್ತಿರುವುದಾಗಿ ಬರೆದರು. ಎದುರಿನವರ ಕಣ್ಣು ನೋಡಿದರೆ ನನಗೆ ಅವರ ಮಾತು ತಲೆಗೆ ಹೋಗುವುದಿಲ್ಲ, ಮಾತು ತಿಳಿಯಬೇಕಾದರೆ ನಾನು ಬೇರೆಡೆ ನೋಡಬೇಕಾಗುತ್ತದೆ, ನಿಮ್ಮ ಮಗನಿಗೂ ಹಾಗೆಯೇ ಇರಬಹುದು ಎಂದು ನಾನು ಬರೆದೆ. ‘ನಿಮಗೆ ಆಟಿಸಂ ಇರುವ ಹಾಗೆಯೇ ಕಾಣುವುದಿಲ್ಲ, ನಮ್ಮ ಮಕ್ಕಳ ಕಷ್ಟ ನಿಮಗೇನು ಗೊತ್ತು’ ಎಂಬ ಉತ್ತರ ಬಂತು. ಸಂಜೆಯ ಹೊತ್ತಿಗೆ ಅಡ್ಮಿನ್ ನನ್ನನ್ನು ಗುಂಪಿನಿಂದ ತೆಗೆದಿದ್ದರು.

ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ಅವರು ತಮ್ಮ ದಣಿವು ಹೇಳಿಕೊಳ್ಳುವ ಜಾಗವಾಗಿತ್ತು, ಅಲ್ಲಿ ನನ್ನ ಮಾತು ಅವರಿಗೆ ಆರೋಪದಂತೆ ಕೇಳಿಸಿರಬೇಕು. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ಬಗ್ಗೆ ಮಾತನಾಡುವ ಗುಂಪುಗಳು ಕನ್ನಡದಲ್ಲಿ ಸಾಕಷ್ಟಿವೆ; ನಾವೇ ನಮ್ಮೊಳಗೆ ಮಾತನಾಡುವ ಜಾಗವೊಂದು ಬೇಡವೇ? ಆಟಿಸಂ ಇರುವ ವಯಸ್ಕರೇ ನಡೆಸುವ, ಅವರೇ ಸದಸ್ಯರಾಗಿರುವ, ತಂದೆ ತಾಯಂದಿರಾಗಲಿ ಥೆರಪಿಸ್ಟರಾಗಲಿ ಇಲ್ಲದ ಒಂದು ಕನ್ನಡದ ಜಾಗವನ್ನು ಆರಂಭಿಸಬೇಕೆಂಬ ಆಸೆ ನನಗಿದೆ.

ಇಂಗ್ಲಿಷಿನಲ್ಲಿ ಅಂಥವು ಇವೆಯಲ್ಲ ಎಂದು ಕೇಳಬಹುದು. ಇವೆ, ನಾನೂ ಅಲ್ಲಿದ್ದೇನೆ. ಆದರೆ ನನ್ನ ಗೊಂದಲಗಳು ಹುಟ್ಟಿದ್ದು ಕನ್ನಡದಲ್ಲಿ. ಆರು ವರ್ಷದವಳಿದ್ದಾಗ ಚಿಕ್ಕಪ್ಪ ‘ಬರ್ತೀನಿ ಪುಟ್ಟಿ’ ಎಂದು ಹೇಳಿ ಹೊರಟರು. ಬರುತ್ತೇನೆ ಎಂದಿದ್ದಾರಲ್ಲ ಎಂದು ನಾನು ಗೇಟಿನ ಸರಳು ಹಿಡಿದು ದೀಪ ಹಚ್ಚುವ ಹೊತ್ತಿನವರೆಗೂ ನಿಂತಿದ್ದೆ. ಒಳಗೆ ಕರೆದರೂ ಬರಲಿಲ್ಲವೆಂದು ಏಟು ತಿಂದೆ. ಯಾರಿಗೆ ‘ನೀನು’, ಯಾರಿಗೆ ‘ನೀವು’, ‘ನೀವು’ ಎಂದವರಿಗೆ ಯಾವ ದಿನದಿಂದ ‘ನೀನು’ ಎನ್ನಬೇಕು ಎಂಬುದು ಇಂದಿಗೂ ನನಗೆ ತಿಳಿಯುವುದಿಲ್ಲ, ಹೀಗಾಗಿ ಹನ್ನೊಂದು ವರ್ಷದಿಂದ ಪಕ್ಕದ ಮೇಜಿನಲ್ಲಿರುವ ಗೆಳತಿಗೆ ಈಗಲೂ ‘ನೀವು’ ಎನ್ನುತ್ತೇನೆ. ಇದನ್ನು ಇಂಗ್ಲಿಷಿನಲ್ಲಿ ಯಾರಿಗೆ ಹೇಳಲಿ? ಅವರಿಗೆ ಈ ತೊಡಕೇ ಇಲ್ಲ.

ಎಲ್ಲರೂ ಮನಸ್ಸು ಬಿಚ್ಚಿ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಉಣಕಲ್ ಕೆರೆ (ಹುಬ್ಬಳ್ಳಿ):

ತಂಗೀ, ನಿಮ್ಮನ್ನು ಗುಂಪಿನಿಂದ ತೆಗೆದದ್ದು ತಪ್ಪು. ಆದರೂ ನಿಮ್ಮ ಯೋಚನೆಗೆ ನನ್ನ ಒಪ್ಪಿಗೆ ಇಲ್ಲ, ಅದಕ್ಕೆ ಎರಡು ಕಾರಣಗಳಿವೆ.

ನನ್ನ ಮಗಳಿಗೆ 15 ವರ್ಷ. ಅವಳನ್ನು ಸಾಮಾನ್ಯ ಶಾಲೆಯಲ್ಲಿ ಉಳಿಸಿಕೊಳ್ಳುವುದಕ್ಕೆ, ಓಣಿಯ ಮಕ್ಕಳು ಅವಳನ್ನು ಆಟಕ್ಕೆ ಕರೆಯುವಂತೆ ಮಾಡುವುದಕ್ಕೆ ನಾನೂ ನನ್ನ ಹೆಂಡತಿಯೂ ಹತ್ತು ವರ್ಷ ಹೆಣಗಿದ್ದೇವೆ. ಎಲ್ಲರ ನಡುವೆ ಇರಲಿ ಎಂದು ಇಷ್ಟು ಕಷ್ಟಪಟ್ಟ ಮೇಲೆ, ‘ನಿಮ್ಮ ಜಾಗ ಬೇರೆ’ ಎಂದು ನಾವೇ ಹೇಳಿದರೆ ನಾಳೆ ಶಾಲೆಯವರೂ ಅದನ್ನೇ ಹೇಳುತ್ತಾರೆ. ಬಾವಿಯ ಕಪ್ಪೆಗೆ ಬಾವಿಯೇ ಲೋಕವಾದಂತೆ ಆಗಬಾರದು.

ಎರಡನೆಯ ಕಾರಣ ಹೇಳುವಾಗ ನನಗೆ ನೋವಾಗುತ್ತದೆ. ನನ್ನ ಮಗಳಿಗೆ ಮಾತು ಬಂದಿಲ್ಲ, ಬರವಣಿಗೆಯೂ ಇಲ್ಲ. ನೀವು ಕಟ್ಟುವ ಜಾಗ ನಿಮ್ಮಂತೆ ಚೆನ್ನಾಗಿ ಬರೆಯಬಲ್ಲವರದಾಗುತ್ತದೆ. ‘ಆಟಿಸಂ ಇರುವವರ ದನಿ’ ಎಂದು ಹೊರಗೆ ಕೇಳಿಸುವುದು ನಿಮ್ಮ ದನಿ ಮಾತ್ರ. ನನ್ನ ಮಗಳು ಅಲ್ಲಿಯೂ ಹೊರಗೇ ಉಳಿಯುತ್ತಾಳೆ.

ತಗ್ಗುನಾಡು (ನೆದರ್ಲೆಂಡ್ಸ್):

ನಾನು ಹಾಸನದವನು, ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ನನಗೂ ಆಟಿಸಂ ಇದೆ. ಈ ಚರ್ಚೆ ಮೂವತ್ತು ವರ್ಷಗಳ ಹಿಂದೆ ಬೇರೆ ದೇಶಗಳಲ್ಲಿ ಹೆಚ್ಚು ಕಡಿಮೆ ಇದೇ ಮಾತುಗಳಲ್ಲಿ ನಡೆದಿತ್ತು, ಆದ್ದರಿಂದ ಅಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಆಟಿಸಂ ಕುರಿತ ಸಮ್ಮೇಳನಗಳೂ ಇ-ಮೇಲ್ ಬಳಗಗಳೂ ಬಹುಮಟ್ಟಿಗೆ ತಂದೆ ತಾಯಂದಿರ ಮತ್ತು ತಜ್ಞರ ಕೈಯಲ್ಲಿದ್ದವು. ಆಟಿಸಂ ಇರುವ ವಯಸ್ಕರು ಅಲ್ಲಿಗೆ ಹೋದರೆ, ಒಂದೋ ಅವರ ಬಾಲ್ಯದ ಕಥೆ ಕೇಳುತ್ತಿದ್ದರು, ಇಲ್ಲವೇ ಹೊಂಗೆನೆರಳು ಅವರಿಗೆ ಸಿಕ್ಕಂಥ ಉತ್ತರವೇ ಸಿಗುತ್ತಿತ್ತು. 1992ರಲ್ಲಿ ಸ್ವತಃ ಆಟಿಸಂ ಇರುವ ಜಿಮ್ ಸಿಂಕ್ಲೇರ್, ಡೋನಾ ವಿಲಿಯಮ್ಸ್ ಮೊದಲಾದವರು ಸೇರಿ ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್ ಎಂಬ ಬಳಗವನ್ನು ಆರಂಭಿಸಿದರು. ಮರುವರ್ಷ ಟೊರಾಂಟೊ ಸಮ್ಮೇಳನದಲ್ಲಿ ಸಿಂಕ್ಲೇರ್ ತಂದೆ ತಾಯಂದಿರ ಮುಂದೆ ನಿಂತು, ನೀವು ಬಯಸಿದ ಮಗು ಹುಟ್ಟಲಿಲ್ಲವೆಂಬ ದುಃಖವನ್ನು ಹುಟ್ಟಿರುವ ನಮ್ಮ ಮೇಲೆ ಹೊರಿಸಬೇಡಿ ಎಂಬ ಅರ್ಥದ ಮಾತನಾಡಿದರು. 1994ರಲ್ಲಿ ಆ ಬಳಗ ತನ್ನದೇ ಇ-ಮೇಲ್ ಪಟ್ಟಿಯನ್ನು ತೆರೆಯಿತು. ಒಂದು ವಿಷಯವನ್ನು ಗಮನಿಸಬೇಕು: ಆ ಪಟ್ಟಿಗೆ ತಂದೆ ತಾಯಂದಿರೂ ಸೇರಬಹುದಿತ್ತು, ಆದರೆ ಏನನ್ನು ಹೇಗೆ ಮಾತನಾಡಬೇಕು ಎಂಬ ನಿಯಮ ಆಟಿಸಂ ಇರುವವರದಾಗಿತ್ತು.

1996ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದಲ್ಲಿ ಆಟ್ರೀಟ್ ಎಂಬ ಶಿಬಿರವನ್ನು ನಡೆಸಿದರು. ಅಲ್ಲಿ ಬೆಳೆದ ಒಂದು ಪದ್ಧತಿ ನನಗೆ ಬಹಳ ಇಷ್ಟ. ಎದೆಯ ಮೇಲೆ ಬಣ್ಣದ ಬಿಲ್ಲೆ ಹಾಕಿಕೊಳ್ಳುವುದು: ಕೆಂಪು ಇದ್ದರೆ ಈಗ ಯಾರೂ ಮಾತನಾಡಿಸಬೇಡಿ ಎಂದರ್ಥ, ಹಳದಿ ಇದ್ದರೆ ಪರಿಚಿತರು ಮಾತ್ರ ಮಾತನಾಡಿಸಬಹುದು, ಹಸಿರು ಇದ್ದರೆ ನನಗೆ ಮಾತನಾಡಬೇಕೆನಿಸಿದೆ ಆದರೆ ಆರಂಭಿಸಲು ಆಗುತ್ತಿಲ್ಲ, ನೀವೇ ಬಂದು ಮಾತನಾಡಿಸಿ ಎಂದರ್ಥ. ಆ ಹಸಿರು ಬಿಲ್ಲೆ ನನ್ನ ಕಾಲೇಜಿನಲ್ಲಿ ಇದ್ದಿದ್ದರೆ ನಾನು ಮೂರು ವರ್ಷ ಕ್ಯಾಂಟೀನಿನ ಮೂಲೆಯಲ್ಲಿ ಒಬ್ಬನೇ ಕುಳಿತು ಊಟ ಮಾಡುತ್ತಿರಲಿಲ್ಲ.

ಅದೇ 1996ರಲ್ಲಿ ಈ ನೆದರ್ಲೆಂಡ್ಸಿನ ಮಾರ್ಟೈನ್ ಡೆಕ್ಕರ್ ಎಂಬ ಯುವಕ, ಸ್ವತಃ ಆಟಿಸಂ ಇರುವವರು, ಇನ್‌ಎಲ್‌ವಿ ಎಂಬ ಇ-ಮೇಲ್ ಬಳಗವನ್ನು ಕಟ್ಟಿದರು. ಮನುಷ್ಯರ ಮಿದುಳುಗಳು ನಾನಾ ಬಗೆ, ಒಂದೇ ಬಗೆಯನ್ನು ಅಳತೆಗೋಲಾಗಿ ಇಡಬಾರದು ಎಂಬ ವಿಚಾರ ಬೆಳೆದ ಜಾಗಗಳಲ್ಲಿ ಅದು ಮುಖ್ಯವಾದದ್ದು. ಆ ಬಳಗದಲ್ಲಿದ್ದ ಜೂಡಿ ಸಿಂಗರ್ ಮತ್ತು ಹಾರ್ವಿ ಬ್ಲೂಮ್ 1998ರಲ್ಲಿ ‘ನ್ಯೂರೋಡೈವರ್ಸಿಟಿ’ (ಮಿದುಳುಗಳ ವೈವಿಧ್ಯ) ಎಂಬ ಪದವನ್ನು ಬರಹದಲ್ಲಿ ಬಳಸಿದರು. ಇಂದು ದೊಡ್ಡ ಕಂಪನಿಗಳ ಗೋಡೆಗಳ ಮೇಲೆ ಕಾಣುವ ಈ ಪದದ ಬೇರು ಇಂಥ ಪುಟ್ಟ ಜಾಗಗಳಲ್ಲಿದೆ. ತಂದೆ ತಾಯಂದಿರ ಗುಂಪುಗಳಲ್ಲಿ ಅದು ಹುಟ್ಟುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಉಣಕಲ್ ಕೆರೆ ಅವರೇ, ಬಾವಿಯ ಮಾತಿಗೆ ಒಂದು ಉತ್ತರ. ನಾನು ವಾರದ ಐದು ದಿನ ಡಚ್ಚರ ನಡುವೆ ಅವರಂತೆಯೇ ಕೆಲಸ ಮಾಡಿ, ಯುಗಾದಿ, ರಾಜ್ಯೋತ್ಸವಕ್ಕೆ ಎರಡು ಗಂಟೆ ರೈಲಿನಲ್ಲಿ ಕನ್ನಡಿಗರ ಕೂಟಕ್ಕೆ ಹೋಗುತ್ತೇನೆ. ಇದರಿಂದ ನಾನು ಡಚ್ಚರೊಂದಿಗೆ ಬೆರೆಯುವುದನ್ನು ಮರೆತುಬಿಡುತ್ತೇನೆ ಎಂದು ಯಾರೂ ಹೇಳಿಲ್ಲ. ವಾರವಿಡೀ ಪರಭಾಷೆ ಆಡಿದವನಿಗೆ ಒಂದು ದಿನ ತನ್ನ ನುಡಿ ಬೇಕೆನಿಸುತ್ತದೆ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ.

ನುಡಿಗೆಜ್ಜೆ (ಮೈಸೂರು):

ನಾನು ಸ್ಪೀಚ್ ಥೆರಪಿಸ್ಟ್. ನನ್ನಂಥವರಿಗೆ ಆ ಜಾಗದೊಳಗೆ ಪ್ರವೇಶ ಬೇಡ ಎಂಬುದನ್ನು ನಾನು ಮನಃಪೂರ್ವಕವಾಗಿ ಬೆಂಬಲಿಸುತ್ತೇನೆ.

ಆಟಿಸಂ ಇರುವವರಿಗೆ ಸಂವಹನ ಬಾರದು ಎಂದು ನಾವು ಕಾಲೇಜಿನಲ್ಲಿ ಓದಿದೆವು. 2012ರಲ್ಲಿ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್, ತಮಗೇ ಆಟಿಸಂ ಇರುವವರು, ಈ ಕೊರತೆ ಎರಡೂ ಕಡೆಯದು ಎಂದು ವಾದಿಸಿದರು: ಅವರಿಗೆ ನಾವು ಅರ್ಥವಾಗದಿರುವಷ್ಟೇ ನಮಗೆ ಅವರೂ ಅರ್ಥವಾಗುವುದಿಲ್ಲ, ಆದರೆ ದೋಷ ಮಾತ್ರ ಅವರ ಹೆಸರಿನಲ್ಲಿ ದಾಖಲಾಗುತ್ತದೆ. 2020ರಲ್ಲಿ ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಕಿವಿಮಾತಿನ ಆಟದಂಥ ಪ್ರಯೋಗ ಮಾಡಿದರು. ಎಂಟೆಂಟು ಜನರ ಸರಪಳಿಯಲ್ಲಿ ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು. ಎಲ್ಲರಿಗೂ ಆಟಿಸಂ ಇದ್ದ ಸರಪಳಿಯಲ್ಲಿ ಕಥೆ ಇತರರ ಸರಪಳಿಯಷ್ಟೇ ಚೆನ್ನಾಗಿ ದಾಟಿತು. ಇಬ್ಬರನ್ನೂ ಬೆರೆಸಿದ ಸರಪಳಿಯಲ್ಲಿ ವಿವರಗಳು ಬೇಗ ಬೇಗ ಕಳಚಿಹೋದವು. ತಮ್ಮವರೊಂದಿಗೆ ಇದ್ದಾಗ ಅವರ ಸಂವಹನದಲ್ಲಿ ಕೊರತೆಯಿಲ್ಲ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ತಗ್ಗುನಾಡು (ನೆದರ್ಲೆಂಡ್ಸ್):

ನುಡಿಗೆಜ್ಜೆ ಅವರೇ, ನಿಮ್ಮ ಬೆಂಬಲಕ್ಕೆ ಕೃತಜ್ಞತೆಗಳು. ಆದರೆ ಆ ಪ್ರಯೋಗದಲ್ಲಿ ಇದ್ದವರು 72 ಜನ. ಅದೇ ಸಂಶೋಧಕರು ಅದನ್ನು 311 ಜನರೊಂದಿಗೆ ದೊಡ್ಡದಾಗಿ ಮತ್ತೆ ಮಾಡಿ 2025ರಲ್ಲಿ ಪ್ರಕಟಿಸಿದಾಗ, ಬೆರೆಸಿದ ಸರಪಳಿಗಳೂ ಉಳಿದವುಗಳಷ್ಟೇ ಚೆನ್ನಾಗಿ ಕಥೆ ದಾಟಿಸಿದ್ದವು. ನಮಗೆ ಅನುಕೂಲವಾದ ಮೊದಲ ಫಲಿತಾಂಶವನ್ನು ಮಾತ್ರ ಹೇಳುವುದು ಸರಿಯಲ್ಲ.

ನನ್ನ ಮಟ್ಟಿಗೆ ಇದರಿಂದ ನಮ್ಮದೇ ಜಾಗದ ಬೇಡಿಕೆಗೆ ಏಟು ಬೀಳುವುದಿಲ್ಲ. ನಾನು ಕಚೇರಿಯ ಸಭೆಯಲ್ಲಿ ವಿಷಯವನ್ನು ತಪ್ಪಿಲ್ಲದೆ ದಾಟಿಸುತ್ತೇನೆ. ಮನೆಗೆ ಬಂದ ಮೇಲೆ ದೀಪ ಆರಿಸಿ ಒಂದು ಗಂಟೆ ನೆಲದ ಮೇಲೆ ಮಲಗಬೇಕಾಗುತ್ತದೆ. ಸರಪಳಿಯ ಪ್ರಯೋಗ ಕಥೆಯನ್ನು ಅಳೆಯಿತು, ಆ ಒಂದು ಗಂಟೆಯನ್ನು ಅಳೆಯಲಿಲ್ಲ. ನಮ್ಮವರ ನಡುವೆ ಮಾತನಾಡಿದ ದಿನ ನಾನು ಹಾಗೆ ಮಲಗುವುದಿಲ್ಲ.

ಕಾವೇರಿಬಯಲು (ಮಂಡ್ಯ):

ನಾನು 22 ವರ್ಷದ ಮಗನ ತಾಯಿ. ಮೊದಲ ಸಲ ಓದಿದಾಗ ‘ತಂದೆ ತಾಯಂದಿರು ಇಲ್ಲದ ಜಾಗ’ ಎಂಬ ಮಾತು ನನಗೆ ಚುಚ್ಚಿತು. ಅವನಿಗೆ ಅನ್ನ ಕಲಸಿ ಕೊಟ್ಟವಳು ನಾನು, ಅವನು ಕಿವಿ ಮುಚ್ಚಿಕೊಂಡು ಚೀರಿದಾಗ ಬಸ್ಸಿನಿಂದ ಅರ್ಧ ದಾರಿಯಲ್ಲಿ ಇಳಿದವಳು ನಾನು. ಎರಡು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ.

ನನ್ನ ಮಗ ಪ್ರತಿದಿನ ಬೆಳಿಗ್ಗೆ ಪತ್ರಿಕೆಯಲ್ಲಿ ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ, ಒಳಹರಿವು, ಹೊರಹರಿವು ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಒಂಬತ್ತು ವರ್ಷದ ಲೆಕ್ಕ ಅವನ ಬಳಿ ಇದೆ. ಗರಿಷ್ಠ ಮಟ್ಟ 124.80 ಅಡಿ, ಅದಕ್ಕೆ ಇನ್ನೆಷ್ಟು ಬಾಕಿ ಎಂಬುದನ್ನು ಮೇಲಿನ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾನೆ. ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ಬೆಳಿಗ್ಗೆ ದೇವರ ಚಿತ್ರ ಹಾಕಿ ಶುಭೋದಯ ಹೇಳುವಾಗ ಇವನು ಅಣೆಕಟ್ಟೆಯ ಮಟ್ಟ ಹಾಕುತ್ತಿದ್ದ. ಅವನ ಲೆಕ್ಕದಲ್ಲಿ ಅದೇ ಶುಭೋದಯ. ಕೆಲವು ದಿನ ಹೆಬ್ಬೆರಳು ಎತ್ತಿದರು, ಆಮೇಲೆ ಸುಮ್ಮನಾದರು, ಕೊನೆಗೆ ನನ್ನ ಅಣ್ಣನೇ ನನಗೆ ಫೋನ್ ಮಾಡಿ ‘ಅವನಿಗೆ ಸ್ವಲ್ಪ ಹೇಳಮ್ಮ’ ಎಂದರು. ನಾನು ಹೇಳಿದೆ. ಏನು ತಪ್ಪಾಯಿತು ಎಂದು ಅವನು ನನ್ನನ್ನು ಮೂರು ದಿನ ಕೇಳಿದ, ನನ್ನ ಬಳಿ ಉತ್ತರವಿರಲಿಲ್ಲ. ನೀರಿನ ಮಟ್ಟ ಹೇಳುವುದು ತಪ್ಪೆಂದು ಮಂಡ್ಯದಲ್ಲಿ ಕುಳಿತು ಯಾವ ಬಾಯಿಂದ ಹೇಳಲಿ?

ಹೊಂಗೆನೆರಳು ಅವರೇ, ನೀವು ಆ ಜಾಗ ಕಟ್ಟಿ. ನನಗೆ ಇರುವುದು ಒಂದೇ ಭಯ. ಅವನು ಯಾರು ಏನು ಹೇಳಿದರೂ ನಂಬುತ್ತಾನೆ, ಕೇಳಿದರೆ ಎಟಿಎಂ ಪಿನ್ ಸಂಖ್ಯೆಯನ್ನೂ ಹೇಳಿಬಿಡುತ್ತಾನೆ. ‘ಇಂಥವರೆಲ್ಲ ಇಲ್ಲಿದ್ದಾರೆ’ ಎಂದು ಬೋರ್ಡು ಹಾಕಿದ ಜಾಗಕ್ಕೆ ಮೋಸಗಾರರು ಹುಡುಕಿಕೊಂಡು ಬರುವುದಿಲ್ಲವೇ?

ದಾವೆ ಕಾಗದ (ಬೆಳಗಾವಿ):

ವಕೀಲನಾಗಿ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇದನ್ನು ಯಾರೂ ಪ್ರಸ್ತಾಪಿಸಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ, ಸಮಾಜದಲ್ಲಿ ಇತರರೊಂದಿಗೆ ಸಮಾನವಾಗಿ ಬಾಳುವ ಹಕ್ಕನ್ನು ಆ ಕಾಯ್ದೆ ಹೇಳುತ್ತದೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೆಯ ಕಲಂ, 18 ತುಂಬದ ಮಕ್ಕಳನ್ನೂ ಕಾನೂನುಬದ್ಧ ಪಾಲಕರಿರುವ ಅಂಗವಿಕಲರನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ; ಅವರ ಮಾಹಿತಿಯನ್ನು ಬಳಸುವ ಮೊದಲು ತಂದೆ ತಾಯಿಯ ಅಥವಾ ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಎನ್ನುತ್ತದೆ. ನಮ್ಮಲ್ಲಿ ಮಗನಿಗೆ 18 ತುಂಬಿದ ಕೂಡಲೇ, ಆಸ್ತಿಯ ಮತ್ತು ಬ್ಯಾಂಕ್ ಖಾತೆಯ ಕಾರಣಕ್ಕಾಗಿ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿಯಿಂದ ಪಾಲಕತ್ವ ಪಡೆಯುವ ಕುಟುಂಬಗಳಿವೆ. ಬ್ಯಾಂಕಿನ ಅನುಕೂಲಕ್ಕೆ ಪಡೆದ ಆ ಒಂದು ಹಾಳೆಯ ಕಾರಣದಿಂದ 30 ವರ್ಷದ ವ್ಯಕ್ತಿ ಗೆಳೆಯರೊಂದಿಗೆ ಹರಟುವ ಖಾತೆ ತೆರೆಯಲೂ ಅಪ್ಪನ ಸಹಿ ಕೇಳಬೇಕಾಗಬಹುದು. ‘ತಮ್ಮದೇ ಜಾಗ’ ಎನ್ನುವಾಗ ಪಾಲಕತ್ವದ ಅರ್ಜಿ ಹಾಕುವ ಮೊದಲು ಮನೆಯಲ್ಲಿ ಎರಡು ಸಲ ಯೋಚಿಸಬೇಕು ಎಂಬುದನ್ನೂ ಸೇರಿಸಿ ಹೇಳಿ.

ಹೊಂಗೆನೆರಳು (ಶಿವಮೊಗ್ಗ):

ಕಾವೇರಿಬಯಲು ಅವರೇ, ನಿಮ್ಮ ಮಗನ ನೋಟ್‌ಬುಕ್ಕಿನ ಬಗ್ಗೆ ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆಟಿಸಂಗೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪದವಿದೆ, ಅದನ್ನು ಕರಡಿನಲ್ಲಿ ಕಂಡಾಗಲೆಲ್ಲ ನನ್ನ ಪೆನ್ನು ನಿಲ್ಲುತ್ತದೆ. ತನ್ನಲ್ಲಿಯೇ ಲೀನವಾಗಿರುವುದು ಎಂದು ಅದರ ಅರ್ಥ. ಪ್ರತಿ ಬೆಳಿಗ್ಗೆ ತನಗೆ ಗೊತ್ತಿರುವ ಅತ್ಯಂತ ಮುಖ್ಯವಾದ ಸಂಗತಿಯನ್ನು ಎಲ್ಲ ನೆಂಟರಿಗೂ ಹಂಚಿದ ಹುಡುಗನಿಗೆ ಈ ಪದ ಹೇಗೆ ಒಪ್ಪುತ್ತದೆ?

ಮೋಸದ ಭಯ ನಿಜವಾದದ್ದು. ಕೆನಡಾದ ಸ್ಟುವರ್ಟ್ ಡಂಕನ್, ತಮಗೂ ಮಗನಿಗೂ ಆಟಿಸಂ ಇರುವವರು, 2013ರಲ್ಲಿ ಆಟ್‌ಕ್ರಾಫ್ಟ್ ಎಂಬ ಮೈನ್‌ಕ್ರಾಫ್ಟ್ ಆಟದ (ಪರದೆಯ ಮೇಲೆ ಇಟ್ಟಿಗೆ ಜೋಡಿಸಿ ಕಟ್ಟುವ ಆಟ) ಜಾಗವನ್ನು ತೆರೆದದ್ದೇ, ಇತರ ಕಡೆ ಈ ಮಕ್ಕಳನ್ನು ಹಿಂಸಿಸುತ್ತಿದ್ದರು ಎಂಬ ಕಾರಣಕ್ಕೆ. ಅಲ್ಲಿಗೂ ಕಾಡುವವರು ಬಂದರು. ಆದ್ದರಿಂದ ಅರ್ಜಿ ನೋಡಿ ಒಪ್ಪಿದವರಿಗೆ ಮಾತ್ರ ಪ್ರವೇಶ, ಒಳಗೆ ಸದಾ ನಿಗಾ. ನಾವೂ ಹಾಗೆಯೇ ಮಾಡಬೇಕು: ಹಣದ ಮಾತು ಸಂಪೂರ್ಣ ನಿಷಿದ್ಧ, ಫೋನ್ ಸಂಖ್ಯೆ ಯಾರಿಗೂ ಕಾಣದ ವ್ಯವಸ್ಥೆ, ಸದಸ್ಯರು ಒಬ್ಬರಿಗೊಬ್ಬರು ಖಾಸಗಿಯಾಗಿ ಬರೆಯಲು ಮೊದಲ ಮೂರು ತಿಂಗಳು ಅವಕಾಶವಿಲ್ಲ. ಫೋನ್ ಸಂಖ್ಯೆ ಎಲ್ಲರಿಗೂ ಕಾಣುವ ವಾಟ್ಸ್ಆ್ಯಪ್ ಗುಂಪು ಇದಕ್ಕೆ ಸಲ್ಲದು.

ಪ್ರಮಾಣಪತ್ರ ಕೇಳಬೇಕೇ ಎಂದು ಒಬ್ಬರು ಪ್ರತ್ಯೇಕವಾಗಿ ಬರೆದು ಕೇಳಿದ್ದಾರೆ. ಬೇಡ. ಸರ್ಕಾರದ ಸವಲತ್ತಿಗೆ ಅಂಗವೈಕಲ್ಯ ಕನಿಷ್ಠ ಶೇಕಡ 40 ಇರಬೇಕೆಂಬ ಮಿತಿ ಇದೆ, ಸ್ನೇಹಕ್ಕೆ ಅಂಥ ಮಿತಿ ಇಡಲಾಗದು. ವಯಸ್ಕರ ಪರೀಕ್ಷೆ ಮಾಡುವವರು ಜಿಲ್ಲಾ ಕೇಂದ್ರಗಳಲ್ಲಿ ಸಿಗುವುದೂ ಕಷ್ಟ. ಸಿಂಕ್ಲೇರ್ ಅವರ ಬಳಗದವರು ಆಟಿಸಂ ಇಲ್ಲದಿದ್ದರೂ ತಮ್ಮಂತೆಯೇ ಇರುವವರನ್ನು ‘ಕಸಿನ್ಸ್’ ಎಂದು ಕರೆದು ಸೇರಿಸಿಕೊಳ್ಳುತ್ತಿದ್ದರು. ‘ದಾಯಾದಿ’ ಎಂದರೆ ನಮ್ಮಲ್ಲಿ ಜಗಳದ ನೆನಪೇ ಮೊದಲು ಬರುತ್ತದೆ, ಆದ್ದರಿಂದ ನಾವು ‘ನಂಟರು’ ಎನ್ನೋಣ.

ಉಣಕಲ್ ಕೆರೆ ಅವರೇ, ನಿಮ್ಮ ಎರಡನೆಯ ಮಾತಿಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ನಾನು ನಿಮ್ಮ ಮಗಳ ಪರವಾಗಿ ಮಾತನಾಡಲಾರೆ, ಮಾತನಾಡುವುದೂ ಇಲ್ಲ ಎಂಬುದನ್ನು ನಿಯಮದಲ್ಲಿಯೇ ಬರೆಯುತ್ತೇನೆ. ಆದರೆ ಒಟ್ಟಿಗಿರುವುದಕ್ಕೆ ಬರವಣಿಗೆಯೇ ಬೇಕೆಂದಿಲ್ಲ. ಆಟ್‌ಕ್ರಾಫ್ಟಿನಲ್ಲಿ ಒಂದಕ್ಷರ ಬರೆಯದೆ ಪಕ್ಕಪಕ್ಕದಲ್ಲಿ ಇಟ್ಟಿಗೆ ಜೋಡಿಸುತ್ತ ಜೊತೆಯಾಗಿರಬಹುದು. ಚಿತ್ರ ಒತ್ತಿದರೆ ಮಾತನಾಡುವ, ಚೆನ್ನೈಯಲ್ಲಿ ರೂಪಿಸಿದ ಅವಾಜ್‌ನಂಥ ಆ್ಯಪ್ ಬಳಸುವವರಿಗಾಗಿ ಚಿತ್ರಗಳಷ್ಟೇ ಇರುವ ಒಂದು ಕೋಣೆ ಇಡಬಹುದು. ನಿಮ್ಮ ಮಗಳಿಗೆ ಏನು ಇಷ್ಟ ಎಂದು ತಿಳಿಸುತ್ತೀರಾ?

ಉಣಕಲ್ ಕೆರೆ (ಹುಬ್ಬಳ್ಳಿ):

ಅವಳಿಗೆ ರಂಗೋಲಿ ಇಷ್ಟ. ಚುಕ್ಕಿ ಇಡುತ್ತಾಳೆ, ಗೆರೆ ಎಳೆಯುವುದಿಲ್ಲ. ಬಾಗಿಲ ಮುಂದಿನಿಂದ ಗೇಟಿನವರೆಗೆ ಚುಕ್ಕಿಗಳನ್ನೇ ಇಡುತ್ತಾಳೆ, ಅಂತರ ಒಂದು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಯಾರಾದರೂ ಗೆರೆ ಸೇರಿಸಿದರೆ ಅಳುತ್ತಾಳೆ. ಅದು ಅರ್ಧ ರಂಗೋಲಿ ಎಂದು ನಾವು ಇಷ್ಟು ವರ್ಷ ಅವಳಿಗೆ ಗೆರೆ ಕಲಿಸಲು ನೋಡಿದೆವು.

ಪ್ರತ್ಯೇಕ ಜಾಗದ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಶಾಲೆಯವರು ಇದನ್ನು ನೆಪ ಮಾಡಿಕೊಂಡಾರು ಎಂಬ ಹೆದರಿಕೆ ಈಗಲೂ ಇದೆ. ಆದರೆ ಚಿತ್ರಗಳ ಕೋಣೆ ಇಡುವುದಾದರೆ ಚುಕ್ಕಿಗಳ ಫೋಟೊ ನಾನು ಕಳಿಸುತ್ತೇನೆ. ಗೆರೆ ಸೇರಿಸಿ ತಿದ್ದಬೇಡಿ ಎಂದು ಮಾತ್ರ ಎಲ್ಲರಿಗೂ ತಿಳಿಸಿ.

ತಗ್ಗುನಾಡು (ನೆದರ್ಲೆಂಡ್ಸ್):

ಫೋಟೊ ಬಂದರೆ ನನಗೊಂದು ಪ್ರತಿ ಬೇಕು. ಚುಕ್ಕಿಗಳು ನೇರ ಸಾಲಾಗಿವೆಯೋ, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಚುಕ್ಕಿ ಬರುವಂತೆ ಇವೆಯೋ?

ಹೊಂಗೆನೆರಳು (ಶಿವಮೊಗ್ಗ):

ಇನ್ನೆರಡು ನಿಯಮಗಳನ್ನು ಸೂಚಿಸುತ್ತೇನೆ. ಅಲ್ಲಿ ಎಲ್ಲರೂ ಎಲ್ಲರಿಗೂ ಯಾವಾಗಲೂ ‘ನೀವು’ ಎನ್ನಬೇಕು, ಆಗ ಯಾವ ದಿನ ಬದಲಾಯಿಸಬೇಕೆಂಬ ಚಿಂತೆ ಯಾರಿಗೂ ಇರುವುದಿಲ್ಲ. ಹೊರಡುವವರು ‘ಬರ್ತೀನಿ’ ಎನ್ನದೆ, ಮತ್ತೆ ಬರುವ ದಿನ ಗೊತ್ತಿದ್ದರೆ ದಿನ ಹೇಳಬೇಕು, ಗೊತ್ತಿಲ್ಲದಿದ್ದರೆ ‘ಹೊರಟೆ’ ಎನ್ನಬೇಕು. ಅಪಶಕುನವೆಂದು ಯಾರೂ ಬೇಸರಿಸಬಾರದು.

ಕಾವೇರಿಬಯಲು (ಮಂಡ್ಯ):

ನಿನ್ನೆ ರಾತ್ರಿ ಈ ಮಾತುಗಳನ್ನೆಲ್ಲ ಮಗನಿಗೆ ಓದಿ ಹೇಳಿದೆ. ಅವನು ಮೂರು ಪ್ರಶ್ನೆ ಕೇಳಿದ. ಧ್ವನಿ ಸಂದೇಶ ಕಡ್ಡಾಯವೇ? ಅಲ್ಲ ಎಂದೆ. ನೀನು ಅಲ್ಲಿ ಇರುತ್ತೀಯಾ? ಇಲ್ಲ ಎಂದೆ, ಅವನು ಸ್ವಲ್ಪ ಹೊತ್ತು ಯೋಚಿಸಿ ‘ಸರಿ’ ಎಂದ. ಮೂರನೆಯ ಪ್ರಶ್ನೆಗೆ ನನಗೆ ಉತ್ತರ ಗೊತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಶಿವಮೊಗ್ಗದವರಿಗೆ ಕೆಆರ್‌ಎಸ್ ಮಟ್ಟ ಸಾಕೋ, ಅಥವಾ ಅವನು ಲಿಂಗನಮಕ್ಕಿಯದನ್ನೂ ಬರೆಯಲು ಆರಂಭಿಸಬೇಕೋ?

ಹೊಂಗೆನೆರಳು (ಶಿವಮೊಗ್ಗ):

ಎರಡೂ ಬೇಕು. ಗರಿಷ್ಠ ಮಟ್ಟಕ್ಕೆ ಇನ್ನೆಷ್ಟು ಬಾಕಿ ಎಂಬುದನ್ನು ಕೆಂಪು ಬಣ್ಣದಲ್ಲಿಯೇ ಬರೆಯಲಿ.